ಟ್ಯಾಬ್ಲೆಟ್ ಕವರ್

ಟ್ಯಾಬ್ಲೆಟ್ ಕಂಪ್ಯೂಟರಿನ ಗಾಜು, ಮೂಲೆ ಮತ್ತು ಬೆನ್ನಿಗೆ ಪೆಟ್ಟು, ಗೀರು ಬೀಳದಂತೆ ತೊಡಿಸುವ ಹೊದಿಕೆ. ಅಂಗಡಿಗಳಲ್ಲಿ ಕೇಸ್, ಫ್ಲಿಪ್ ಕವರ್, ಬ್ಯಾಕ್ ಕವರ್ ಎಂದು ಬಗೆಬಗೆಯಾಗಿ ಸಿಗುತ್ತದೆ.

ಆಪಲ್ ಸಂಸ್ಥೆ 2010ರಲ್ಲಿ ಮೊದಲ ಐಪ್ಯಾಡ್‌ಗೆಂದು ಮಡಚಿ ನಿಲ್ಲಿಸಬಹುದಾದ ಕಪ್ಪು ಕೇಸೊಂದನ್ನು ಮಾರಿತು. 2011ರಲ್ಲಿ ಐಪ್ಯಾಡ್ 2ರೊಡನೆ ಬಂದ ಸ್ಮಾರ್ಟ್ ಕವರ್ ಅಯಸ್ಕಾಂತದಿಂದ ಅಂಚಿಗೆ ಅಂಟಿಕೊಳ್ಳುತ್ತಿತ್ತು. ಮುಚ್ಚಿದರೆ ಪರದೆ ಆರುತ್ತಿತ್ತು, ತೆರೆದರೆ ಬೆಳಗುತ್ತಿತ್ತು. ಕವರಿನ ಅಯಸ್ಕಾಂತವನ್ನು ಟ್ಯಾಬ್ಲೆಟ್ ಒಳಗಿನ ಹಾಲ್ ಸಂವೇದಕ ಗುರುತಿಸುವುದರಿಂದ ಇದು ಸಾಧ್ಯ. ಅಗ್ಗದ ಕವರುಗಳಲ್ಲಿ ಅಯಸ್ಕಾಂತ ಸ್ವಲ್ಪ ಆಚೀಚೆ ಕೂತಿದ್ದರೂ ಸಾಕು, ಮುಚ್ಚಿದ ಪರದೆ ಒಳಗೇ ಉರಿಯುತ್ತಾ ಬ್ಯಾಟರಿ ತಿನ್ನುತ್ತದೆ. ಸ್ಮಾರ್ಟ್ ಕವರ್ ನೋಡಲು ಚೆಂದವಿದ್ದರೂ ಬೆನ್ನನ್ನು ಬರಿದಾಗಿಯೇ ಬಿಟ್ಟಿತ್ತು. ಬೆನ್ನನ್ನೂ ಆವರಿಸುವ ಸ್ಮಾರ್ಟ್ ಕೇಸ್ ಬಂದದ್ದು 2012ರಲ್ಲಿ.

ಆಯ್ಕೆಯಲ್ಲಿ ಬಣ್ಣ, ಬೆಲೆಗಳಿಗಿಂತ ಮೊದಲು ನೋಡಬೇಕಾದದ್ದು ಮಾದರಿ. 7, 8 ಮತ್ತು 9ನೇ ಪೀಳಿಗೆಯ ಐಪ್ಯಾಡ್‌ಗಳ ಅಳತೆ ಒಂದೇ (250.6 × 174.1 × 7.5 ಮಿ.ಮೀ.), ಒಂದರ ಕವರ್ ಇನ್ನೊಂದಕ್ಕೆ ಕೂರುತ್ತದೆ. 2022ರ 10ನೇ ಪೀಳಿಗೆಯದು 248.6 × 179.5 × 7 ಮಿ.ಮೀ. ಹಳೆಯ ಕವರ್ ಅದಕ್ಕೆ ಹಿಡಿಯುವುದಿಲ್ಲ. 'ಹತ್ತು ಇಂಚಿನದು ಕೊಡಿ' ಎಂದು ಕೇಳಿ ತಂದವರು ಮತ್ತೆ ಅಂಗಡಿಗೆ ಹೋಗಬೇಕಾಗುವುದು ಇದರಿಂದಲೇ. ಅಂಗಡಿಯವರಿಗೆ ಹೇಳಬೇಕಾದದ್ದು ಸೆಟ್ಟಿಂಗ್ಸ್‌ನಲ್ಲಿ ಕಾಣುವ ಮಾದರಿ ಸಂಖ್ಯೆ.

ಬಿದ್ದಾಗ ಹೆಚ್ಚು ಅಪಾಯ ಮೂಲೆಗೆ. ಪೂರ್ತಿ ಪೆಟ್ಟು ಒಂದೇ ಬಿಂದುವಿಗೆ ಬಿದ್ದು, ಅಲ್ಲಿಂದ ಗಾಜಿಗೆ ಸಾಗುತ್ತದೆ. ಗಟ್ಟಿ ಪಾಲಿಕಾರ್ಬೊನೇಟ್ ಗೀರನ್ನು ತಡೆದೀತು, ಪೆಟ್ಟನ್ನು ಹೀರದು. ಆ ಕೆಲಸ ಮೆತ್ತನೆಯ ಟಿಪಿಯು ಪ್ಲಾಸ್ಟಿಕ್ ಅಥವಾ ಸಿಲಿಕೋನಿನದು. ಎರಡೂ ಪದರವಿದ್ದು, ಮೂಲೆ ದಪ್ಪಗಿದ್ದು, ಅಂಚು ಗಾಜಿಗಿಂತ ತುಸು ಮೇಲೆದ್ದಿರುವ ಕವರ್ ವಾಸಿ. ಮಕ್ಕಳ ಕೈಗೆ ಹಿಡಿಕೆಯುಳ್ಳ ಇವಿಎ ಫೋಮ್ ಕವರ್ ಸರಿ.

ಪೆಟ್ಟಿಗೆಯ ಮೇಲೆ ಮಿಂಚುವ 'ಮಿಲಿಟರಿ ಗ್ರೇಡ್' ಎಂಬುದನ್ನು ಕಣ್ಣುಮುಚ್ಚಿ ನಂಬಬಾರದು. ಅದು ಅಮೆರಿಕದ ಎಂಐಎಲ್-ಎಸ್‌ಟಿಡಿ-810 ಪರೀಕ್ಷಾ ವಿಧಾನದ ಹೆಸರೇ ಹೊರತು ಸೇನೆ ಕೊಟ್ಟ ಪ್ರಮಾಣಪತ್ರವಲ್ಲ. ಅದರ ಬೀಳಿಕೆ ಪರೀಕ್ಷೆಯಲ್ಲಿ 122 ಸೆಂ.ಮೀ. ಎತ್ತರದಿಂದ 6 ಮುಖ, 12 ಅಂಚು, 8 ಮೂಲೆಗಳ ಮೇಲೆ ಒಟ್ಟು 26 ಸಲ ಬೀಳಿಸುತ್ತಾರೆ. ಆದರೆ ಈ 26 ಬೀಳಿಕೆಗಳನ್ನು ಒಂದೇ ಮಾದರಿಯ ಐದು ಪ್ರತಿಗಳಿಗೆ ಹಂಚಬಹುದು. ಪರೀಕ್ಷೆ ನಡೆಸುವವರೂ ಹಲವು ಸಲ ತಯಾರಕರೇ.

ಭದ್ರತೆ ಹೆಚ್ಚಿದಂತೆ ತೂಕವೂ ಏರುತ್ತದೆ. ಅರ್ಧ ಕಿಲೊ ಆಸುಪಾಸಿನ ಟ್ಯಾಬ್ಲೆಟ್, ಕೀಬೋರ್ಡ್ ಕೇಸ್ ಸೇರಿ ಒಂದು ಕಿಲೊ ದಾಟುವುದುಂಟು. ಮಲಗಿ ಓದುವವರಿಗೆ ಇದು ಒಗ್ಗದು. ಟ್ಯಾಬ್ಲೆಟ್ಟಿನ ಪಕ್ಕಕ್ಕೆ ಅಂಟಿಕೊಂಡು ಚಾರ್ಜ್ ಆಗುವ ಡಿಜಿಟಲ್ ಪೆನ್ಸಿಲ್ ಇದ್ದರೆ ಆ ಅಂಚು ತೆರೆದಿರಬೇಕು. ಪೇಸ್‌ಮೇಕರ್ ಹಾಕಿಸಿಕೊಂಡವರು ಅಯಸ್ಕಾಂತದ ಕವರನ್ನು ಎದೆಯ ಮೇಲೆ ಇಟ್ಟುಕೊಳ್ಳಬಾರದು; ಕನಿಷ್ಠ 15 ಸೆಂ.ಮೀ. ಅಂತರವಿರಲಿ ಎಂಬುದು ಆಪಲ್‌ನ ಸೂಚನೆ.