ಥಳಿತಕ್ಕೊಳಗಾದ ಮಗುವಿನ ಲಕ್ಷಣಕೂಟ

ದೊಡ್ಡವರ ಹೊಡೆತ, ಬಡಿತ, ಜಗ್ಗಾಟದಿಂದ ಎಳೆಯ ಮಕ್ಕಳಿಗೆ ಆಗುವ ಗಾಯಗಳಿಗೆ ವೈದ್ಯಶಾಸ್ತ್ರ ಕೊಟ್ಟ ಹೆಸರು. ಪ್ಯಾರಿಸ್ಸಿನ ಅಂಬ್ರೋಯಿಸ್ ತಾರ್ದ್ಯೂ 1860ರಲ್ಲೇ ಇಂಥ ಪ್ರಕರಣಗಳನ್ನು ದಾಖಲಿಸಿದ್ದರೂ ವೈದ್ಯಲೋಕ ಕಿವಿಗೊಡಲಿಲ್ಲ. 1946ರಲ್ಲಿ ಅಮೆರಿಕದ ಜಾನ್ ಕ್ಯಾಫಿ, ಮಿದುಳಿನ ಹೊದಿಕೆಯಡಿ ರಕ್ತಸ್ರಾವವಾಗಿದ್ದ 6 ಕೂಸುಗಳ ಎಕ್ಸ್-ರೇಗಳಲ್ಲಿ ಕೈಕಾಲಿನ ಉದ್ದ ಮೂಳೆಗಳ 23 ಮುರಿತಗಳನ್ನು ಕಂಡರು. ಡೆನ್ವರ್‌ನ ಹೆನ್ರಿ ಕೆಂಪ್ ಮತ್ತು ಸಂಗಡಿಗರು 1962ರಲ್ಲಿ ಈ ಹೆಸರಿಟ್ಟ ಮೇಲಷ್ಟೇ ವೈದ್ಯರು ಎಚ್ಚೆತ್ತರು. ತೀರಾ ತಡವಾದ ಎಚ್ಚರ ಅದು.

ಪತ್ತೆಯಲ್ಲಿ ಮಗುವಿನ ವಯಸ್ಸೇ ಮುಖ್ಯ. ಓಡಾಡುವ ಮಗುವಿನ ಮೊಣಕಾಲು, ಹಣೆ ಕಂದುವುದು ಸಹಜ. ಇನ್ನೂ ಮಗುಚಿಕೊಳ್ಳದ ಕೂಸಿನ ಕಿವಿ, ಕತ್ತು, ಹೊಟ್ಟೆಯ ಮೇಲೆ ಕಂದಿದ ಗುರುತಿದ್ದರೆ ಅದು ಸಹಜವಲ್ಲ. ಪಕ್ಕೆಲುಬು ಬೆನ್ನಿನ ಕಡೆ ಮುರಿದಿದ್ದರೆ, ಹಲವು ಮುರಿತಗಳು ಬೇರೆ ಬೇರೆ ಹಂತದಲ್ಲಿ ಕೂಡಿಕೊಳ್ಳುತ್ತಿದ್ದರೆ, 'ಮಂಚದಿಂದ ಬಿತ್ತು' ಎಂಬ ಮಾತು ಸಾಲದು. ಹಾಗೆಂದು ಆತುರವೂ ಸಲ್ಲದು: ನಮ್ಮ ಕೂಸುಗಳ ಸೊಂಟ, ಕುಂಡೆಯ ಮೇಲೆ ಹುಟ್ಟಿನಿಂದಲೇ ಇರುವ ನೀಲಿ ಮಚ್ಚೆ ಏಟಿನ ಗುರುತಲ್ಲ. ಮೂಳೆ ಪೆಡಸಾಗುವ ವಂಶವಾಹಿ ಕಾಯಿಲೆ, ರಕ್ತ ಹೆಪ್ಪುಗಟ್ಟದ ದೋಷಗಳನ್ನೂ ಪರೀಕ್ಷಿಸಿಯೇ ತೀರ್ಮಾನಿಸಬೇಕು.

ಭಾರತದಲ್ಲಿ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮಿನಡಿ ಮಕ್ಕಳ ಮೇಲಿನ ಕ್ರೌರ್ಯ ಶಿಕ್ಷಾರ್ಹ ಅಪರಾಧ. ಅನುಮಾನ ಬಂದವರು ಯಾರೇ ಆಗಲಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.