ಕರ್ನಾಟಕದಲ್ಲಿ ಅಕ್ಯುಪಂಕ್ಚರ್ ಶಿಕ್ಷಣ ಮತ್ತು ವೈದ್ಯ ನೋಂದಣಿ

ಅಕ್ಯುಪಂಕ್ಚರ್ ಅಥವಾ ಸೂಜಿ ಚಿಕಿತ್ಸೆಯು ಚೀನಾದಲ್ಲಿ ಬೆಳೆದು ಜಪಾನ್, ಕೊರಿಯಾ ಮತ್ತು ವಿಯೆಟ್ನಾಂಗಳಿಗೆ ಹರಡಿದ ಪಾರಂಪರಿಕ ವೈದ್ಯಕ್ರಮ. ಕರ್ನಾಟಕದಲ್ಲಿ ಈ ಚಿಕಿತ್ಸೆಗೆಂದೇ ರೂಪಿಸಿದ ಪ್ರತ್ಯೇಕ ನೋಂದಣಿ ಕಾಯ್ದೆ ಇಲ್ಲ. ಪದವಿ ಮಟ್ಟದಲ್ಲಿ ಇದನ್ನು ಮುಖ್ಯವಾಗಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನ ಪದವಿಯ (ಬಿ.ಎನ್.ವೈ.ಎಸ್.) ಒಂದು ವಿಷಯವಾಗಿ ಕಲಿಸಲಾಗುತ್ತದೆ. ಹೀಗಾಗಿ ಸೂಜಿ ಹಿಡಿಯುವ ಪದವೀಧರರು ದಾಖಲೆಗಳಲ್ಲಿ ಅಕ್ಯುಪಂಕ್ಚರ್ ವೈದ್ಯರೆಂದು ಅಲ್ಲ, ಪ್ರಕೃತಿ ಚಿಕಿತ್ಸಾ ವೈದ್ಯರೆಂದು ನಮೂದಾಗುತ್ತಾರೆ. ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸದ ಕಾಫಿ ಸೀಮೆಯ ವಿದ್ಯಾರ್ಥಿಗಳಿಗೆ ಈ ಶಿಕ್ಷಣ ದೊರೆಯುವ ಹೆಸರಾಂತ ಸಮೀಪದ ಕೇಂದ್ರ, ಚಾರ್ಮಾಡಿ ಘಾಟಿಯ ಕೆಳಗಿರುವ ಉಜಿರೆ.

ಭಾರತಕ್ಕೆ ಬಂದ ಬಗೆ

1938ರಲ್ಲಿ ಚೀನಾಕ್ಕೆ ತೆರಳಿದ ಐವರು ಭಾರತೀಯ ವೈದ್ಯರ ತಂಡದಲ್ಲಿ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್ ಮತ್ತು ಬಂಗಾಳದ ಬಿಜೊಯ್ ಕುಮಾರ್ ಬಸು ಇದ್ದರು. ಕೋಟ್ನಿಸ್ 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಭಾರತದ ಅಕ್ಯುಪಂಕ್ಚರ್ ಸಂಸ್ಥೆಗಳಿಗೆ ಅವರ ಹೆಸರಿಡುವ ರೂಢಿ ಇದ್ದರೂ ಅವರು ಶಸ್ತ್ರವೈದ್ಯರಾಗಿದ್ದರು. ಸೂಜಿ ಚಿಕಿತ್ಸೆಯನ್ನು ಕಲಿತು ಬಂದು 1959ರಿಂದ ಕಲ್ಕತ್ತೆಯಲ್ಲಿ ಆರಂಭಿಸಿದವರು ಬಸು. ಪಶ್ಚಿಮ ಬಂಗಾಳವು 1996ರಲ್ಲಿ ಅಕ್ಯುಪಂಕ್ಚರ್‌ಗೆ ಪ್ರತ್ಯೇಕ ಕಾಯ್ದೆ ಮಾಡಿದುದರ ಹಿಂದೆ ಈ ಪರಂಪರೆಯಿದೆ. ಮಹಾರಾಷ್ಟ್ರವೂ 2015ರ ಕಾಯ್ದೆಯ ಮೂಲಕ ಇದೇ ದಾರಿ ಹಿಡಿಯಿತು.

ಅಕ್ಯುಪಂಕ್ಚರ್‌ನ ಮೂಲ ಭಾರತದ್ದೇ ಎಂಬ ಮಾತು ಆಗಾಗ ಕೇಳಿಬರುತ್ತದೆ. ಸುಶ್ರುತ ಸಂಹಿತೆಯ 107 ಮರ್ಮಗಳನ್ನು ಇದಕ್ಕೆ ಆಧಾರವಾಗಿ ತೋರಿಸುತ್ತಾರೆ. ಆದರೆ ಶಸ್ತ್ರಕ್ರಿಯೆಯ ವೇಳೆ ಗಾಯವಾಗದಂತೆ ಕಾಯ್ದುಕೊಳ್ಳಬೇಕಾದ ಸ್ಥಾನಗಳೆಂದು ಆ ಗ್ರಂಥ ಮರ್ಮಗಳನ್ನು ವಿವರಿಸುತ್ತದೆ. ಅವುಗಳನ್ನು ಸೂಜಿ ಚುಚ್ಚುವ ಬಿಂದುಗಳೆಂದು ಓದುವುದು ಗ್ರಂಥದ ಉದ್ದೇಶಕ್ಕೆ ವಿರುದ್ಧವಾದ ಓದು.

ಕಾನೂನಿನಲ್ಲಿ ಸ್ಥಾನ

ಕೇಂದ್ರ ಆರೋಗ್ಯ ಸಚಿವಾಲಯವು 2003ರ ನವೆಂಬರ್ 25ರ ಆದೇಶದಲ್ಲಿ ಅಕ್ಯುಪಂಕ್ಚರ್ ಅನ್ನು ಒಂದು ಚಿಕಿತ್ಸಾ ವಿಧಾನವೆಂದು ಮಾತ್ರ ಒಪ್ಪಿಕೊಂಡಿತು. ನೋಂದಾಯಿತ ವೈದ್ಯರು ಅಥವಾ ಸೂಕ್ತ ತರಬೇತಿ ಪಡೆದವರು ಅದನ್ನು ಬಳಸಬಹುದೆಂದು ಹೇಳಿತು. ಇಲ್ಲಿನ ‘ಸೂಕ್ತ ತರಬೇತಿ’ ಎಂದರೆ ಎಷ್ಟು ತರಬೇತಿ, ಯಾರಿಂದ ಪಡೆದದ್ದು ಎಂಬುದು ಸ್ಪಷ್ಟವಾಗಲಿಲ್ಲ. ವಾರಾಂತ್ಯದ ತರಗತಿಗಳಿಂದ ಹಿಡಿದು ಅಂಚೆ ಮೂಲಕ ನೀಡುವ ಡಿಪ್ಲೊಮಾಗಳವರೆಗೆ ಹಲವು ಬಗೆಯ ಪ್ರಮಾಣಪತ್ರಗಳಿಗೆ ಈ ಎರಡು ಪದಗಳೇ ಆಸರೆಯಾದವು. 2019ರ ಫೆಬ್ರವರಿಯಲ್ಲಿ ಸಚಿವಾಲಯವು ಅಕ್ಯುಪಂಕ್ಚರ್ ಅನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂದು ಮಾನ್ಯ ಮಾಡಿತು. ಆದರೆ ಪದ್ಧತಿಗೆ ದೊರೆತ ಮಾನ್ಯತೆ ವ್ಯಕ್ತಿಗೆ ದೊರೆತ ಪರವಾನಗಿಯಲ್ಲ. ರಾಜ್ಯದ ವೈದ್ಯ ಪಟ್ಟಿಯಲ್ಲಿ ಹೆಸರು ಸೇರಿಸುವುದು ಬೇರೆಯದೇ ಕಾನೂನಿನ ಕೆಲಸ.

ಕರ್ನಾಟಕದಲ್ಲಿ ಆ ಕೆಲಸ ನಡೆಯುವುದು 1961ರ ಕರ್ನಾಟಕ ಆಯುರ್ವೇದ, ಪ್ರಕೃತಿ ಚಿಕಿತ್ಸೆ, ಸಿದ್ಧ, ಯುನಾನಿ ಮತ್ತು ಯೋಗ ವೈದ್ಯರ ನೋಂದಣಿ ಕಾಯ್ದೆಯಡಿ. ಬಿ.ಎನ್.ವೈ.ಎಸ್. ಪದವೀಧರರು ಇಂಟರ್ನ್‌ಶಿಪ್ ಮುಗಿಸಿ ಬೆಂಗಳೂರಿನ ಕರ್ನಾಟಕ ಆಯುರ್ವೇದ ಮತ್ತು ಯುನಾನಿ ವೈದ್ಯ ಮಂಡಳಿಯಲ್ಲಿ ಹೆಸರು ನೋಂದಾಯಿಸುತ್ತಾರೆ. ಕಾಯ್ದೆಯ ಹೆಸರಿನಲ್ಲಿ ಅಕ್ಯುಪಂಕ್ಚರ್ ಇಲ್ಲ.

ಚಿಕಿತ್ಸಾಲಯವನ್ನು ನಡೆಸಲು ಇನ್ನೊಂದು ನೋಂದಣಿ ಬೇಕು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯು ವೈದ್ಯಕೀಯ ಚಿಕಿತ್ಸೆಯ ವ್ಯಾಖ್ಯೆಯಲ್ಲಿ ಅಕ್ಯುಪಂಕ್ಚರ್ ಮತ್ತು ಅಕ್ಯುಪ್ರೆಷರ್ ಎರಡನ್ನೂ ಹೆಸರಿಸಿ ಸೇರಿಸಿದೆ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರದಲ್ಲಿ ನೋಂದಾಯಿಸದೆ ಅಂಥ ಸಂಸ್ಥೆ ನಡೆಸುವುದು ದಂಡನೀಯ ಅಪರಾಧ. ಅಂದರೆ ಚಿಕ್ಕಮಗಳೂರಿನ ಬೀದಿಯೊಂದರಲ್ಲಿ ಸೂಜಿ ಚಿಕಿತ್ಸೆಯ ಫಲಕ ತೂಗುಹಾಕುವವರಿಗೆ ವೈದ್ಯನಾಗಿ ಒಂದು, ಚಿಕಿತ್ಸಾಲಯದ ಮಾಲೀಕನಾಗಿ ಮತ್ತೊಂದು, ಹೀಗೆ ಎರಡು ದಾಖಲೆಗಳು ಬೇಕಾಗುತ್ತವೆ. ಬಳಸಿದ ಸೂಜಿಗಳನ್ನು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಚುಚ್ಚಿ ಹೊರಬಾರದಂಥ ಬಿಳಿಯ ಪೆಟ್ಟಿಗೆಯಲ್ಲಿ ಸಂಗ್ರಹಿಸಿ ವಿಲೇವಾರಿಗೆ ಒಪ್ಪಿಸಬೇಕು.

ಪದವಿ ಶಿಕ್ಷಣ

ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನ ಕಾಲೇಜು 1989ರಲ್ಲಿ ಆರಂಭವಾಯಿತು. ದೇಶದಲ್ಲಿ ಈ ಪದವಿಯನ್ನು ಮೊದಲಿಗೆ ನೀಡಿದ ಕಾಲೇಜೆಂದು ಇದು ಹೆಸರಾಗಿದೆ. ಮೈಸೂರಿನ ಸರ್ಕಾರಿ ಕಾಲೇಜು, ಮೂಡುಬಿದಿರೆಯ ಆಳ್ವಾಸ್ ಮೊದಲಾದವು ನಂತರ ಬಂದವು. ಇವು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ಜೀವಶಾಸ್ತ್ರ ಸಹಿತ ವಿಜ್ಞಾನ ವಿಭಾಗದಲ್ಲಿ ದ್ವಿತೀಯ ಪಿಯುಸಿ ಮುಗಿಸಿದವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ ಮೂಲಕ ಪ್ರವೇಶ ಪಡೆಯುತ್ತಾರೆ. ಆಯುರ್ವೇದ ಪದವಿಗೆ ನೀಟ್ ಕಡ್ಡಾಯವಾಗಿದ್ದರೆ ಇಲ್ಲಿ ಸಿಇಟಿಯ ಮೂಲಕವೇ ಪ್ರವೇಶ ನಡೆದುಬಂದಿದೆ. ಪಿಯುಸಿ ಮುಗಿಸಿದ ಹಳ್ಳಿಯ ವಿದ್ಯಾರ್ಥಿಗಳು ಈ ವ್ಯತ್ಯಾಸವನ್ನು ಗಮನಿಸದೆ ಅರ್ಜಿಯ ಅವಧಿ ತಪ್ಪಿಸಿಕೊಳ್ಳುವುದುಂಟು.

ಅವಧಿ ಒಟ್ಟು ಐದೂವರೆ ವರ್ಷ: ನಾಲ್ಕೂವರೆ ವರ್ಷ ಪಾಠ, ಒಂದು ವರ್ಷ ಇಂಟರ್ನ್‌ಶಿಪ್. ಮೊದಲ ವರ್ಷಗಳಲ್ಲಿ ಅಂಗರಚನೆ, ಶರೀರಕ್ರಿಯೆ, ಜೀವರಸಾಯನ, ರೋಗಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರಗಳಿವೆ. ಅಕ್ಯುಪಂಕ್ಚರ್ ಬರುವುದು ಆ ಅಡಿಪಾಯದ ನಂತರ, ಮಸಾಜ್, ಉಪವಾಸ ಚಿಕಿತ್ಸೆ, ಜಲಚಿಕಿತ್ಸೆ ಮುಂತಾದ ವಿಷಯಗಳ ಜೊತೆಗೆ. ಐದೂವರೆ ವರ್ಷದಲ್ಲಿ ಸೂಜಿಗೆ ಸಿಗುವ ಪಾಲು ಚಿಕ್ಕದು. ಆಳವಾಗಿ ಕಲಿಯಬಯಸುವವರು ಸ್ನಾತಕೋತ್ತರ ಪದವಿಗೆ ಹೋಗಬೇಕು. ತಮಿಳುನಾಡಿನಲ್ಲಿ ಅಕ್ಯುಪಂಕ್ಚರ್ ಮತ್ತು ಶಕ್ತಿ ಚಿಕಿತ್ಸೆಯೇ ಎಂ.ಡಿ.ಯ ಒಂದು ಶಾಖೆಯಾಗಿದೆ.

ಪಾಠದಲ್ಲಿ ಹದಿನಾಲ್ಕು ನಾಡಿಪಥಗಳ ಮೇಲಿನ 361 ಪ್ರಮಾಣಿತ ಬಿಂದುಗಳನ್ನು ಗುರುತಿಸಲು ಕಲಿಸಲಾಗುತ್ತದೆ. ಅಳತೆಯ ಘಟಕವಾದ ‘ತ್ಸುನ್’ ಎಂದರೆ ರೋಗಿಯದೇ ಹೆಬ್ಬೆರಳಿನ ಅಗಲ, ವೈದ್ಯನದಲ್ಲ. ಉದಾಹರಣೆಗೆ, ಜು-ಸಾನ್-ಲಿ ಎಂಬ ಬಿಂದು ಮಂಡಿಚಿಪ್ಪಿನ ಕೆಳಗೆ ರೋಗಿಯ ನಾಲ್ಕು ಬೆರಳಗಲ ದೂರದಲ್ಲಿ, ಮೊಣಕಾಲ ಮೂಳೆಯಿಂದ ಒಂದು ಬೆರಳು ಹೊರಗೆ ಇರುತ್ತದೆ. ಬಿಂದು ಎಲ್ಲಿದೆ ಎಂಬುದಕ್ಕಿಂತ ಸೂಜಿ ಎಷ್ಟು ಆಳಕ್ಕೆ ಇಳಿಯಬಹುದು ಎಂಬುದು ಹೆಚ್ಚು ಗಂಭೀರವಾದ ಪಾಠ. ಎದೆ ಮತ್ತು ಭುಜದ ಭಾಗದಲ್ಲಿ ಆಳ ತಪ್ಪಿದರೆ ಶ್ವಾಸಕೋಶದ ಹೊರಪೊರೆಗೆ ತೂತಾಗಿ ಗಾಳಿ ತುಂಬಿಕೊಳ್ಳುತ್ತದೆ. ಅಪರೂಪವಾದರೂ ಇದು ಪ್ರಾಣಾಪಾಯದ ಸ್ಥಿತಿ. ಗರ್ಭಿಣಿಯರಲ್ಲಿ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಹೆ-ಗು ಬಿಂದುವನ್ನು ಪರಂಪರೆಯಲ್ಲಿ ಚುಚ್ಚುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿಯು ವೈದ್ಯರಲ್ಲದವರ ಪೂರ್ಣ ತರಬೇತಿಗೆ 2500 ಗಂಟೆಗಳನ್ನು ಸೂಚಿಸಿತು. ಅದರಲ್ಲಿ ಕನಿಷ್ಠ 1000 ಗಂಟೆ ಪ್ರಾಯೋಗಿಕ ಹಾಗೂ ರೋಗಿಗಳೊಡನೆಯ ಕಲಿಕೆ. ಕೆಲವೇ ದಿನಗಳ ಡಿಪ್ಲೊಮಾಗಳನ್ನು ಅಳೆಯಲು ಈ ಅಂಕಿ ಉಪಯುಕ್ತ.

ಚಿಕ್ಕಮಗಳೂರು ಜಿಲ್ಲೆಯಲ್ಲಿ

ಜಿಲ್ಲೆಯೊಳಗಿನ ಪಾರಂಪರಿಕ ವೈದ್ಯ ಶಿಕ್ಷಣಕ್ಕೆ ಕೊಪ್ಪದ ಅರೂರು ಲಕ್ಷ್ಮೀನಾರಾಯಣ ರಾವ್ ಸ್ಮಾರಕ ಆಯುರ್ವೇದ ವೈದ್ಯಕೀಯ ಕಾಲೇಜು ಹೆಸರಾಗಿದೆ. ಅಲ್ಲಿ ದೊರೆಯುವುದು ಆಯುರ್ವೇದ ಪದವಿ. ಮೂಡಿಗೆರೆಯಿಂದ ಕೊಟ್ಟಿಗೆಹಾರದ ಮೂಲಕ ಚಾರ್ಮಾಡಿ ಇಳಿದರೆ ಉಜಿರೆ ಸಿಗುತ್ತದೆ. ಅಲ್ಲಿಂದ ಮುಂದೆ ಧರ್ಮಸ್ಥಳದ ಶಾಂತಿವನದಲ್ಲಿ ಪ್ರಕೃತಿ ಚಿಕಿತ್ಸಾ ಆಸ್ಪತ್ರೆಯಿದೆ. ಮಳೆಗಾಲದಲ್ಲಿ ಭೂಕುಸಿತದಿಂದ ಘಾಟಿ ಮುಚ್ಚುವುದುಂಟು. ಮೊದಲು ಮೂಡಿಗೆರೆ ತಾಲ್ಲೂಕಿಗೆ ಸೇರಿದ್ದ ಕಳಸದವರಿಗೆ ಕುದುರೆಮುಖದ ದಾರಿಯೂ ಇದೆ.

ತೋಟದ ಕೆಲಸದ ಸ್ವರೂಪವೇ ಸೂಜಿ ಚಿಕಿತ್ಸೆಗೆ ಗಿರಾಕಿಗಳನ್ನು ತರುತ್ತದೆ. ಇಳಿಜಾರಿನಲ್ಲಿ ಬಾಗಿ ಹಣ್ಣು ಕೊಯ್ಯುವವರು, ಮೂಟೆ ಹೊರುವವರು, ಮರಗಸಿ ಮಾಡುವವರು ಸೊಂಟ, ಮಂಡಿ, ಭುಜದ ನೋವಿನಿಂದ ಬಳಲುತ್ತಾರೆ. ದೀರ್ಘಕಾಲದ ನೋವು, ಮೈಗ್ರೇನ್ ತಡೆ, ಶಸ್ತ್ರಚಿಕಿತ್ಸೆಯ ನಂತರದ ವಾಕರಿಕೆ ಮುಂತಾದವುಗಳಲ್ಲಿ ಅಕ್ಯುಪಂಕ್ಚರ್‌ನಿಂದ ಸ್ವಲ್ಪ ಉಪಶಮನವಾಗುತ್ತದೆಂದು ಅಧ್ಯಯನಗಳು ತೋರಿಸಿವೆ. ನಿಜವಾದ ಬಿಂದುವಿನಲ್ಲಿ ಚುಚ್ಚಿದುದಕ್ಕೂ ತೋರಿಕೆಗೆ ಚುಚ್ಚಿದುದಕ್ಕೂ ನಡುವಿನ ಅಂತರ ಮಾತ್ರ ಬಹುತೇಕ ಕಿರಿದು.

ಇಲ್ಲಿ ತರಬೇತಿಯ ಪ್ರಶ್ನೆಗೆ ಇನ್ನೊಂದು ತೂಕ ಬರುವುದು ಮಂಗನ ಕಾಯಿಲೆಯಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ರೋಗ ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಭಾಗಗಳಲ್ಲೂ ಕಾಣಿಸಿಕೊಂಡಿದೆ. ಕಾಡಿನ ಉಣ್ಣೆಯ ಕಡಿತದಿಂದ ಹರಡುವ ಇದರ ಆರಂಭದ ಲಕ್ಷಣಗಳು ಜ್ವರ, ತೀವ್ರ ತಲೆನೋವು ಮತ್ತು ಮೈಕೈ ನೋವು. ಚಳಿಗಾಲದಿಂದ ಬೇಸಿಗೆಯವರೆಗಿನ ದಿನಗಳಲ್ಲಿ ಇಂಥ ನೋವನ್ನು ದುಡಿಮೆಯ ಆಯಾಸವೆಂದು ಭಾವಿಸಿ ಸೂಜಿ ಹಾಕುತ್ತ ಕೂತರೆ ರಕ್ತಸ್ರಾವದ ಹಂತಕ್ಕೆ ಮೊದಲಿನ ಅಮೂಲ್ಯ ದಿನಗಳು ಕಳೆದುಹೋಗುತ್ತವೆ. ರೋಗಶಾಸ್ತ್ರ ಓದಿದವರು ರೋಗಿಯನ್ನು ಸರ್ಕಾರಿ ಆಸ್ಪತ್ರೆಗೆ ಕಳುಹಿಸುತ್ತಾರೆ. ಬಿಂದುಗಳ ಚಿತ್ರಪಟವನ್ನು ಮಾತ್ರ ಕಲಿತವರಿಗೆ ಹಾಗೆ ಕಳುಹಿಸಬೇಕೆಂದು ತೋಚುವುದು ಕಷ್ಟ.

ಪದವಿಯಿಲ್ಲದ ನಾಟಿ ವೈದ್ಯರ ಸ್ಥಿತಿ ಬೇರೆ. ಮೂಳೆ ಕೂಡಿಸುವುದು, ಕಾಮಾಲೆಗೆ ಸೊಪ್ಪು ಕೊಡುವುದು ಮುಂತಾದ ಮನೆತನದ ವಿದ್ಯೆಗಳಿಗೆ ಭಾರತೀಯ ಗುಣಮಟ್ಟ ಮಂಡಳಿಯ ಸ್ವಯಂಪ್ರೇರಿತ ಪ್ರಮಾಣೀಕರಣ ಯೋಜನೆಯಿದೆ. ಅದು ಕೌಶಲವನ್ನು ಗುರುತಿಸುತ್ತದೆಯೇ ಹೊರತು ನೋಂದಾಯಿತ ವೈದ್ಯರ ಹಕ್ಕನ್ನು ನೀಡುವುದಿಲ್ಲ.

ರಾಜ್ಯದ ಗಡಿಯಾಚೆ

2020ರ ಕಾಯ್ದೆಯಿಂದ ರಚಿತವಾದ ರಾಷ್ಟ್ರೀಯ ಭಾರತೀಯ ವೈದ್ಯ ಪದ್ಧತಿ ಆಯೋಗವು ಆಯುರ್ವೇದ, ಯುನಾನಿ, ಸಿದ್ಧ ಮತ್ತು ಟಿಬೆಟ್ ಮೂಲದ ಸೋವಾ ರಿಗ್ಪಾಗಳನ್ನು ಒಳಗೊಂಡಿದೆ. ಪ್ರಕೃತಿ ಚಿಕಿತ್ಸೆ ಅದರ ಹೊರಗುಳಿದಿದೆ. ಬೈಲುಕುಪ್ಪೆಯ ಟಿಬೆಟನ್ ನೆಲೆಯಲ್ಲಿ ಪರಿಚಿತವಾದ ಸೋವಾ ರಿಗ್ಪಾಕ್ಕೆ ರಾಷ್ಟ್ರೀಯ ಆಯೋಗದಲ್ಲಿ ಸ್ಥಾನವಿದ್ದು, ಉಜಿರೆಯಲ್ಲಿ ದಶಕಗಳಿಂದ ಕಲಿಸುತ್ತಿರುವ ಪದವಿಗೆ ಇಲ್ಲದಿರುವುದು ವಿಚಿತ್ರವೆನಿಸುತ್ತದೆ. ಇದರ ಪರಿಣಾಮ ಕೆಲಸ ಹುಡುಕುವಾಗ ಕಾಣುತ್ತದೆ: ಬಿ.ಎನ್.ವೈ.ಎಸ್. ಪದವೀಧರರ ನೋಂದಣಿ ಆಯಾ ರಾಜ್ಯದ ಕಾನೂನಿಗೆ ಬಿಟ್ಟ ವಿಷಯವಾಗಿರುವುದರಿಂದ ಕರ್ನಾಟಕ ಬಿಟ್ಟು ಹೋಗುವವರು ಅಲ್ಲಿನ ನಿಯಮವನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ವಿದೇಶದಲ್ಲಿ ಈ ಪದವಿ ನೇರವಾಗಿ ಪರವಾನಗಿ ತಂದುಕೊಡುವುದಿಲ್ಲ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಅಕ್ಯುಪಂಕ್ಚರ್ ಪ್ರತ್ಯೇಕ ಪರವಾನಗಿಯ ವೃತ್ತಿ. ಸಾಮಾನ್ಯವಾಗಿ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಮೂರು ನಾಲ್ಕು ವರ್ಷಗಳ ಸ್ನಾತಕೋತ್ತರ ಶಿಕ್ಷಣ ಪಡೆದು ರಾಷ್ಟ್ರೀಯ ಮಂಡಳಿಯ ಪರೀಕ್ಷೆ ಬರೆಯಬೇಕು. ಕ್ಯಾಲಿಫೋರ್ನಿಯಾ ತನ್ನದೇ ಪರೀಕ್ಷೆ ನಡೆಸುತ್ತದೆ.