ಮೊದಲ ಬೇಸ್ ಗಿಟಾರ್ ಕೊಳ್ಳುವ ಮುಂಚೆ ಒಂದಿಷ್ಟು ಇತಿಹಾಸ

ಗಣೇಶನ ಹಬ್ಬಕ್ಕೋ ಜಾತ್ರೆಗೋ ರಸಮಂಜರಿ ತಂಡ ಬಂದರೆ ನಮ್ಮೆಲ್ಲರ ಕಣ್ಣು ಹಾಡುವವರ ಮೇಲೆ. ಹಿಂದೆ ಮೂಲೆಯಲ್ಲಿ ನಾಲ್ಕೇ ತಂತಿಯ ಉದ್ದ ಗಿಟಾರ್ ಹಿಡಿದು ನಿಂತವರನ್ನು ವಿಚಾರಿಸುವವರು ಕಡಿಮೆ. ಅವರು ಕೈ ನಿಲ್ಲಿಸಿದರೆ ಮಾತ್ರ ಹಾಡು ಟೊಳ್ಳಾಗುತ್ತದೆ. 'ಗೀತಾ' (1981) ಚಿತ್ರದ ಹಾಡುಗಳನ್ನು ಒಮ್ಮೆ ಇಯರ್‌ಫೋನ್ ಹಾಕಿಕೊಂಡು ಕೇಳಿ. ಇಳಯರಾಜ ಆ ವಾದ್ಯಕ್ಕೆ ಎಷ್ಟು ಕೆಲಸ ಕೊಟ್ಟಿದ್ದಾರೆ ಎಂದು ಗೊತ್ತಾಗುತ್ತದೆ. ಫೋನಿನ ಸ್ಪೀಕರಿನಲ್ಲಿ ಅದರ ಮುಕ್ಕಾಲು ಪಾಲು ಕೇಳಿಸುವುದೇ ಇಲ್ಲ. ಯಾಕೆ ಎಂಬುದನ್ನು ಮುಂದೆ ಹೇಳುತ್ತೇವೆ.

ಈ ವಾದ್ಯಕ್ಕೆ ಮುಂಚೆ ಇದ್ದದ್ದು ಡಬಲ್ ಬೇಸ್. ಆಳೆತ್ತರದ ಮರದ ಪೆಟ್ಟಿಗೆ, ನಿಂತೇ ನುಡಿಸಬೇಕು. ಕಾರಿನ ತಲೆಯ ಮೇಲೆ ಕಟ್ಟಿ ಊರೂರು ಸುತ್ತಬೇಕು. ಅಷ್ಟು ಮಾಡಿದರೂ ಡ್ರಮ್ಸ್, ತುತ್ತೂರಿಗಳ ಗದ್ದಲದಲ್ಲಿ ಅದರ ದನಿ ಮುಳುಗುತ್ತಿತ್ತು. 1930ರ ದಶಕದಲ್ಲೇ ಅಮೆರಿಕದ ಸಿಯಾಟಲ್‌ನಲ್ಲಿ ಪಾಲ್ ಟಟ್‌ಮಾರ್ಕ್ ಎಂಬುವರು ವಿದ್ಯುತ್ ಬೇಸ್ ಮಾಡಿದ್ದರು. ಜನ ಕೊಳ್ಳಲಿಲ್ಲ. 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಮಾಡಿದ್ದು ನಿಂತಿತು. ತಮಾಷೆ ಎಂದರೆ ಫೆಂಡರ್ ರೇಡಿಯೋ ರಿಪೇರಿ ಮಾಡುತ್ತಿದ್ದವರು, ಗಿಟಾರ್ ನುಡಿಸಲು ಬರುತ್ತಿರಲಿಲ್ಲ!

ಅವರು ಅದಕ್ಕೆ ಇಟ್ಟ ಹೆಸರು ಪ್ರಿಸಿಷನ್ ಬೇಸ್, ಅಂದರೆ 'ಕರಾರುವಾಕ್ಕು'. ಡಬಲ್ ಬೇಸಿನಲ್ಲಿ ಸ್ವರದ ಜಾಗವನ್ನು ಕಿವಿಯಿಂದಲೇ ಹುಡುಕಬೇಕಿತ್ತು. ಇದರಲ್ಲಿ ವೀಣೆಯ ಮೆಟ್ಟಿಲಿನ ಹಾಗೆ ಫ್ರೆಟ್ ಇದ್ದವು, ಬೆರಳಿಟ್ಟಲ್ಲಿ ಸರಿ ಸ್ವರ. ತಂತಿಯ ನುಡಿಯುವ ಉದ್ದ 34 ಇಂಚು. ಇವತ್ತಿಗೂ ಬಹುಪಾಲು ಬೇಸ್ ಗಿಟಾರಿಗೆ ಅದೇ ಅಳತೆ.

ಇನ್ನು ಆಂಪ್ಲಿಫೈಯರ್. ಬೇಸಿನ ದಪ್ಪ ತಂತಿ ಬಿಟ್ಟು ಮೀಟಿದರೆ ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ. ಅಷ್ಟು ಕೆಳಗಿನ ದನಿ ಹೊರಡಿಸಲು ಸ್ಪೀಕರ್ ತುಂಬ ಗಾಳಿಯನ್ನು ತಳ್ಳಬೇಕು. ಫೋನಿನೊಳಗಿನ ಉಗುರಗಲದ ಸ್ಪೀಕರಿಗೆ ಆ ಶಕ್ತಿ ಎಲ್ಲಿಂದ ಬರಬೇಕು? ಮಾಮೂಲಿ ಗಿಟಾರಿನ ಆಂಪಿಗೂ ಅದು ಕಷ್ಟ. ಜೋರಾಗಿ ಇಟ್ಟು ಬೇಸ್ ನುಡಿಸಿದರೆ ಸ್ಪೀಕರಿನ ಕಾಗದ ಹರಿಯಬಹುದು. ಹಾಗಾಗಿ ಫೆಂಡರ್ 1952ರಲ್ಲಿ 15 ಇಂಚಿನ ಸ್ಪೀಕರ್ ಹಾಕಿ 'ಬೇಸ್‌ಮ್ಯಾನ್' ಎಂಬ ಬೇರೆ ಆಂಪ್ ತಂದರು. ಮುಂದೆ ಅದೇ ಆಂಪ್ ಗಿಟಾರ್ ನುಡಿಸುವವರಿಗೆ ಪ್ರಿಯವಾಯಿತು. ಲಂಡನ್ನಿನ ಜಿಮ್ ಮಾರ್ಷಲ್ ಅಂಗಡಿಯವರು ತಮ್ಮ ಮೊದಲ ಆಂಪ್ ಮಾಡಿದ್ದು ಅದನ್ನೇ ನೋಡಿಕೊಂಡು. ಬೇಸ್‌ನವರಿಗೆಂದು ಮಾಡಿದ್ದನ್ನೂ ಬೇರೆಯವರೇ ಹೊಡೆದುಕೊಂಡರು ಎನ್ನಿ.

ಮೊದಲ ವಾದ್ಯ ಆರಿಸುವುದರಲ್ಲಿ ದುಡ್ಡಿನ ಲೆಕ್ಕ ಯಾರನ್ನೂ ಬಿಟ್ಟಿಲ್ಲ. 1961ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕ್ಲಬ್ಬುಗಳಲ್ಲಿ ನುಡಿಸಿ ಹೊಟ್ಟೆ ಹೊರೆಯುತ್ತಿದ್ದ ಹುಡುಗ ಪಾಲ್ ಮೆಕಾರ್ಟ್ನಿ. ಫೆಂಡರ್ ಬೆಲೆ ಸುಮಾರು 100 ಪೌಂಡ್, ಕೈಯಲ್ಲಿ ಅಷ್ಟಿಲ್ಲ. ಸುಮಾರು 30 ಪೌಂಡಿಗೆ ಸಿಕ್ಕ ಪಿಟೀಲಿನ ಆಕಾರದ ಹಾಫ್ನರ್ ಕೊಂಡರು. ಅವರದು ಎಡಗೈ. ಎರಡೂ ಬದಿ ಒಂದೇ ತರ ಇದ್ದ ವಾದ್ಯವಾದ್ದರಿಂದ ತಿರುಗಿಸಿ ಹಿಡಿದರೂ ವಿಚಿತ್ರವಾಗಿ ಕಾಣುವುದಿಲ್ಲ ಎಂಬುದೂ ಒಂದು ಕಾರಣ. ಬೀಟಲ್ಸ್ ತಂಡ ಜಗತ್ತಿನ ತುಂಬ ಹೆಸರು ಮಾಡಿದ ಮೇಲೂ ಅವರು ಹಾಫ್ನರ್ ಬಿಡಲಿಲ್ಲ. ಆ ಮೊದಲ ಬೇಸ್ 1972ರಲ್ಲಿ ಲಂಡನ್ನಿನಲ್ಲಿ ವ್ಯಾನಿನಿಂದ ಕಳುವಾಯಿತು. ಸಿಕ್ಕಿದ ಸುದ್ದಿ ಬಂದದ್ದು 2024ರಲ್ಲಿ, ಐವತ್ತು ವರ್ಷ ದಾಟಿದ ಮೇಲೆ.

ಜೇಮ್ಸ್ ಜೇಮರ್ಸನ್ ಕಥೆ ಹೀಗೆ ಸುಖವಾಗಿಲ್ಲ. ಡೆಟ್ರಾಯಿಟ್ ನಗರದ ಮೋಟೌನ್ ಕಂಪನಿಯ 60ರ ದಶಕದ ಹಾಡುಗಳಲ್ಲಿ ಬಹುಪಾಲು ಬೇಸ್ ಇವರದೇ. ಒಂದೇ ತೋರುಬೆರಳಿನಲ್ಲಿ ಮೀಟುತ್ತಿದ್ದರು. ತುಂಡಾಗದ ಹೊರತು ತಂತಿ ಬದಲಿಸುತ್ತಿರಲಿಲ್ಲ. ಜಗತ್ತೇ ಕುಣಿದ ಆ ತಟ್ಟೆಗಳ ಮೇಲೆ ಅವರ ಹೆಸರೇ ಇರಲಿಲ್ಲ. ಅಚ್ಚಾಗಲು 1971ರ ಮಾರ್ವಿನ್ ಗೇ ಆಲ್ಬಮ್ ಬರಬೇಕಾಯಿತು. ಅವರು 1983ರಲ್ಲಿ ತೀರಿಕೊಳ್ಳುವ ಕೆಲವೇ ದಿನ ಮೊದಲು ಅವರ ಫೆಂಡರ್ ಕೂಡ ಕಳುವಾಯಿತು. ನಮ್ಮ ಹಳೆಯ ಸಿನಿಮಾ ಕ್ಯಾಸೆಟ್‌ಗಳನ್ನು ತಿರುಗಿಸಿ ನೋಡಿ, ಬೇಸ್ ನುಡಿಸಿದವರ ಹೆಸರು ಹುಡುಕುವುದು ಅಷ್ಟೇ ಕಷ್ಟ.

ಈಗ ಕೊಳ್ಳುವವರಿಗೆ ನಾವು ಹೇಳುವುದು: ನಾಲ್ಕು ತಂತಿಯದು ಸಾಕು. ಕೈ ಚಿಕ್ಕದಾದರೆ, ಮಕ್ಕಳಿಗಾದರೆ, ಹಾಫ್ನರಿನ ಹಾಗೆ 30 ಇಂಚಿನದು ನೋಡಿ. ಸೆಕೆಂಡ್ ಹ್ಯಾಂಡ್ ಆದರೆ ಕತ್ತು ಬಾಗಿದೆಯೇ ಎಂದು ಉದ್ದಕ್ಕೆ ಕಣ್ಣು ಹಾಯಿಸಿ, ಪ್ರತಿ ಫ್ರೆಟ್‌ನಲ್ಲೂ ಒಮ್ಮೆ ಮೀಟಿ, ವಾಲ್ಯೂಮ್ ತಿರುಗಿಸಿದಾಗ ಕರಕರ ಬರುತ್ತದೆಯೇ ಕೇಳಿ. ಇಟ್ಟ ದುಡ್ಡೆಲ್ಲ ಗಿಟಾರಿಗೇ ಸುರಿಯಬೇಡಿ. ಮನೆಯ ಅಭ್ಯಾಸಕ್ಕೆ 20-30 ವ್ಯಾಟಿನ ಬೇಸ್ ಆಂಪ್ ಆಗುತ್ತದೆ. ಡ್ರಮ್ಸ್ ಜೊತೆ ನಿಲ್ಲಲು ನೂರು ವ್ಯಾಟಾದರೂ ಬೇಕು. ಅದನ್ನು ಆಮೇಲೆ ನೋಡಿಕೊಳ್ಳಬಹುದು, ಅಲ್ಲಿಯತನಕ ಪೆಂಡಾಲಿನ ಸೌಂಡ್ ಸಿಸ್ಟಮ್ಮಿಗೇ ಜೋಡಿಸಬಹುದು.

ಆದರೆ ಜೋಡಿಸುವ ಮೊದಲು ಅರ್ಥಿಂಗ್ ನೋಡಿ. 1972ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಲೆಸ್ ಹಾರ್ವಿ ಎಂಬ ಗಿಟಾರ್ ವಾದಕ ವೇದಿಕೆಯ ಮೇಲೆ ಮೈಕ್ ಮುಟ್ಟಿದ್ದೇ ಶಾಕ್ ಹೊಡೆದು ಸತ್ತರು. ಕೈಯಲ್ಲಿ ಗಿಟಾರ್ ಇತ್ತು, ಮೈಕಿಗೆ ಅರ್ಥಿಂಗ್ ಇರಲಿಲ್ಲ. ಜಾತ್ರೆಯ ಪೆಂಡಾಲುಗಳಲ್ಲಿ ಎರಡೇ ವಯರಿನಲ್ಲಿ ಲೈನ್ ಎಳೆಯುವುದನ್ನು ನೀವೂ ನೋಡಿರುತ್ತೀರಿ. ತಂತಿ ಮುಟ್ಟಿದಾಗ ಜುಮ್ಮೆಂದರೆ ತಕ್ಷಣ ಕೈ ಬಿಟ್ಟು ಲೈನ್ ಆಫ್ ಮಾಡಿಸಿ, ವೈರ್‌ಮ್ಯಾನ್ ಕರೆಸಿ. ಒಂದು ಟೆಸ್ಟರ್ ಗಿಟಾರ್ ಚೀಲದಲ್ಲೇ ಇರಲಿ, ಮೈಕಿಗೆ ಬಾಯಿ ಕೊಡುವ ಮುಂಚೆ ಅದರ ಜಾಲರಿಗೆ ತಾಗಿಸಿ ನೋಡಿ.